ಮೂಲೆ ಸೇರಿದ ಸ್ಪ್ಲೆಂಡರ್ ಮತ್ತೆ ರಸ್ತೆಗೆ: ಕಿಕ್ ಹೊಡೆಯುವ ಮುಂಚಿನ ಕೆಲಸಗಳು

ಕೊಟ್ಟಿಗೆ ಪಕ್ಕದಲ್ಲೋ ಮೆಟ್ಟಿಲ ಕೆಳಗೋ ಐದಾರು ವರ್ಷ ನಿಂತ ಬೈಕಿನ ಮೇಲಿಂದ ಗೋಣಿಚೀಲ ತೆಗೆದ ಕೂಡಲೇ ಕಾಲು ತಾನಾಗಿ ಕಿಕ್ಕರ್ ಮೇಲೆ ಹೋಗುತ್ತದೆ. ಅದೊಂದನ್ನು ತಡೆದುಕೊಳ್ಳಿ. ಅಷ್ಟು ಕಾಲ ನಿಂತ ಎಂಜಿನ್‌ನಲ್ಲಿ ಆಯಿಲೆಲ್ಲ ತಳಕ್ಕೆ ಇಳಿದಿರುತ್ತದೆ. ಸಿಲಿಂಡರ್ ಗೋಡೆ, ಪಿಸ್ಟನ್ ರಿಂಗ್, ವಾಲ್ವ್ ತೆರೆಯುವ ಮೇಲಿನ ಕ್ಯಾಮ್, ರಾಕರ್ ಎಲ್ಲವೂ ಒಣಗಿರುತ್ತವೆ. ಮಲೆನಾಡು, ಕರಾವಳಿಯ ಕಡೆಯಾದರೆ ತೆಳ್ಳಗೆ ತುಕ್ಕೂ ಕೂತಿರುತ್ತದೆ. ಒಣ ಎಂಜಿನ್‌ಗೆ ಸಿಟ್ಟಿನಿಂದ ಹೊಡೆದ ಹತ್ತು ಕಿಕ್ಕಿಗೆ ರಿಂಗ್ ಮುರಿಯಬಹುದು, ಬೋರ್ (ಸಿಲಿಂಡರಿನ ಒಳಮೈ) ಗೀರಬಹುದು. ಉಳಿಯಬೇಕಿದ್ದ ಎಂಜಿನ್ ಕೆಡುವುದು ಬಹುತೇಕ ಆ ಮೊದಲ ಐದು ನಿಮಿಷದಲ್ಲೇ.

ಇಲ್ಲಿ ಹೇಳುತ್ತಿರುವುದು 1994ರಲ್ಲಿ ಬಂದ ಹೀರೋ ಹೋಂಡಾ ಸ್ಪ್ಲೆಂಡರ್ ಬಗ್ಗೆ: 97.2 ಸಿಸಿ, ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ), ಎರಡೂ ಕಡೆ ಡ್ರಮ್ ಬ್ರೇಕ್. ಸಿಡಿ 100, ಹಳೆಯ ಪ್ಯಾಶನ್ ಕೂಡ ಇದೇ ಮನೆತನದವು, ಹೆಚ್ಚಿನ ಮಾತು ಅವಕ್ಕೂ ಹೊಂದುತ್ತದೆ.

ಮೊದಲು ಆರ್‌ಸಿ ನೋಡಿ

ಸಾಮಾನಿಗೆ ಒಂದು ರೂಪಾಯಿ ಹಾಕುವ ಮುಂಚೆ ಆರ್‌ಸಿ (ನೋಂದಣಿ ಪತ್ರ) ತೆಗೆದು ತಾರೀಕು ನೋಡಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದಂತೆ ಬೈಕಿನ ನವೀಕರಣ ಶುಲ್ಕ 1,000 ರೂಪಾಯಿ (20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟ್‌ನಿಂದ 2,000), ತಡವಾದ ಪ್ರತಿ ತಿಂಗಳಿಗೂ 300 ರೂಪಾಯಿ ಹೆಚ್ಚುವರಿ. ನಾಲ್ಕು ವರ್ಷ ತಡವಾಗಿದ್ದರೆ ಇದೇ 14,400 ಆಯಿತು. ಇದರ ಮೇಲೆ ಕರ್ನಾಟಕದ ಹಸಿರು ತೆರಿಗೆ. ಕಟ್ಟಬೇಕಾದ ನಿಖರ ಮೊತ್ತವನ್ನು ಆರ್‌ಟಿಒದಲ್ಲಿ ಕೇಳಿ ತಿಳಿದುಕೊಂಡು, ಒಪ್ಪಿಗೆಯಾದರೆ ಪಾನಾ ಕೈಗೆತ್ತಿಕೊಳ್ಳಿ. ಅಪ್ಪನ ಕಾಲದ ಬೈಕು ಎಂಬ ಅಕ್ಕರೆಗೆ ಬೆಲೆ ಕಟ್ಟಲಾಗದು, ನಿಜ. ಆದರೂ ಲೆಕ್ಕ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಎಂಜಿನ್ ನೆನೆಯಲಿ

ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಸ್ಪಾರ್ಕ್ ಪ್ಲಗ್ಗಿನ ಸುತ್ತ ಕೂತ ಮಣ್ಣನ್ನು ಗಾಳಿ ಹೊಡೆದು ತೆಗೆಯಿರಿ, ಇಲ್ಲದಿದ್ದರೆ ಪ್ಲಗ್ ಬಿಚ್ಚುವಾಗ ಅದೆಲ್ಲ ಸಿಲಿಂಡರ್ ಒಳಕ್ಕೇ ಬೀಳುತ್ತದೆ. ಪ್ಲಗ್ ತೆಗೆದು ಆ ತೂತಿಗೆ ಸಿರಿಂಜಿನಲ್ಲಿ 5 ಮಿಲಿ ಎಂಜಿನ್ ಆಯಿಲ್ ಬಿಡಿ. ಎಂಜಿನ್ ಹೆಡ್ಡಿನ ಮೇಲಿನ ಎರಡು ಟ್ಯಾಪೆಟ್ ಮುಚ್ಚಳ ಬಿಚ್ಚಿ, ಒಂದೊಂದು ರಾಕರ್ ಮೇಲೂ 10 ಮಿಲಿಯಷ್ಟು ಸುರಿಯಿರಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆಯಿಲ್ ಪಂಪ್ ಮೇಲಿನ ತನಕ ಆಯಿಲ್ ಮುಟ್ಟಿಸಲು ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಒಣ ಕ್ಯಾಮ್ ಸವೆಯುತ್ತದೆ. ಇಷ್ಟು ಮಾಡಿ ಒಂದು ರಾತ್ರಿ ಹಾಗೇ ಬಿಡಿ.

ಮರುದಿನ ಪ್ಲಗ್ ಇಲ್ಲದೆಯೇ ನಾಲ್ಕನೇ ಗೇರ್‌ಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ನಿಧಾನ ಹಿಂದೆ ಮುಂದೆ ಆಡಿಸಿ. ತಿರುಗಿದರೆ ಅರ್ಧ ಗೆದ್ದಂತೆ. ತಿರುಗದಿದ್ದರೆ ಜೋರು ಮಾಡಬೇಡಿ. ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮಸಮ ಬೆರೆಸಿ ಮತ್ತೆ ತುಂಬಿ, ಮೂರು ನಾಲ್ಕು ದಿನ ಕಾಯಿರಿ, ದಿನಕ್ಕೊಮ್ಮೆ ಚಕ್ರ ಆಡಿಸಿ ನೋಡಿ. ವಾರವಾದರೂ ಅಲ್ಲಾಡದಿದ್ದರೆ ಹೆಡ್ ಮತ್ತು ಸಿಲಿಂಡರ್ ಬಿಚ್ಚಲೇಬೇಕು.

ಎಂಜಿನ್ ಸಲೀಸಾಗಿ ತಿರುಗಿದ ಮೇಲೆ ಹಳೆಯ ಆಯಿಲ್ ಇಳಿಸಿ. ಹಾಲು ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ ಎಂದರ್ಥ. ಆಗ ಮೊದಲು ಅಗ್ಗದ ಆಯಿಲ್ ಹಾಕಿ ತೊಳೆದು ಇಳಿಸಬೇಕಾಗುತ್ತದೆ. ಈಗ 10ಡಬ್ಲ್ಯು30 ದರ್ಜೆಯ ಬೈಕ್ ಆಯಿಲಿನ 900 ಮಿಲಿ ಬಾಟಲಿ ತಂದು ಹಾಕಿ. ಮಟ್ಟ ನೋಡುವಾಗ ಡಿಪ್‌ಸ್ಟಿಕ್ಕನ್ನು ತಿರುಪಬೇಡಿ, ಸುಮ್ಮನೆ ಇಳಿಬಿಟ್ಟು ನೋಡಿ. ಪ್ಲಗ್ ಇಲ್ಲದೆ, ಇಗ್ನಿಷನ್ ಆಫ್ ಇಟ್ಟು, ಮೂವತ್ತು ನಲವತ್ತು ಸಲ ಮೆಲ್ಲಗೆ ಕಿಕ್ ತುಳಿಯಿರಿ. ಸಿಲಿಂಡರ್‌ನಲ್ಲಿದ್ದ ಎಣ್ಣೆ ತೂತಿನಿಂದ ಚಿಮ್ಮುತ್ತದೆ, ಮೇಲೆ ಬಟ್ಟೆ ಹಿಡಿಯಿರಿ. ಟ್ಯಾಪೆಟ್ ಸಂದು (ರಾಕರ್ ಮತ್ತು ವಾಲ್ವ್ ನಡುವಿನ ಅಂತರ) ನೋಡಲು ಇದೇ ಸಮಯ: ತಣ್ಣಗಿರುವಾಗ ಹಳೆಯ ಸ್ಪ್ಲೆಂಡರಿಗೆ 0.05 ಮಿಮೀ. ಆಮೇಲೆ ಬಂದ ಮಾದರಿಯಾದರೆ ಆ ವರ್ಷದ ಕೈಪಿಡಿಯಲ್ಲಿರುವ ಅಳತೆಯೇ ಸರಿ.

ಪೆಟ್ರೋಲ್ ದಾರಿ

ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ. ಕೆಟ್ಟ ಪೆಟ್ರೋಲ್ ಪೆಟ್ರೋಲಿನ ಹಾಗೆ ನಾರುವುದಿಲ್ಲ, ಹಳೆಯ ವಾರ್ನಿಶ್ ಡಬ್ಬದ ವಾಸನೆ ಬರುತ್ತದೆ. ಅದನ್ನು ಹೊಸ ಪೆಟ್ರೋಲಿಗೆ ಬೆರೆಸಿ ಮುಗಿಸೋಣ ಎನ್ನಬೇಡಿ, ಪೂರ್ತಿ ಖಾಲಿ ಮಾಡಿ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಅರ್ಧ ತುಂಬಿ ನಿಲ್ಲಿಸಿದ ಟ್ಯಾಂಕು ಒಳಗಿಂದ ತುಕ್ಕು ಹಿಡಿಯಲು ಇದೂ ಒಂದು ಕಾರಣ.

ಟಾರ್ಚ್ ಬಿಟ್ಟು ನೋಡಿದಾಗ ಕಂದು ಪುಡಿ ಕಂಡರೆ ಟ್ಯಾಂಕ್ ಬಿಚ್ಚಿ, ಪೆಟ್ರೋಲ್ ಕಾಕ್ ತೆಗೆದು ತೂತು ಮುಚ್ಚಿ, ಬಿಳಿ ವಿನೆಗರ್ ತುಂಬಿ ಒಂದು ದಿನ ಇಡಿ. ಒಂದು ಹಿಡಿ ನಟ್ಟು ಹಾಕಿ ಅಲುಗಾಡಿಸಿದರೆ ಗಟ್ಟಿ ತುಕ್ಕೂ ಬಿಡುತ್ತದೆ, ಎಣಿಸಿ ಹಾಕಿ ಎಣಿಸಿ ತೆಗೆಯಿರಿ. ವಿನೆಗರ್ ಚೆಲ್ಲಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ. ಒಣಗಿದ ತಕ್ಷಣ ಸ್ವಲ್ಪ ಪೆಟ್ರೋಲಿಗೆ ಒಂದು ಚಮಚ ಆಯಿಲ್ ಬೆರೆಸಿ ಒಳಗೆಲ್ಲ ಹರಡಿ. ತಡ ಮಾಡಿದರೆ ಸಂಜೆಯೊಳಗೆ ಹೊಸ ತುಕ್ಕು ಬರುತ್ತದೆ. ಕಾಕ್‌ನ ಜಾಲರಿ ಸ್ವಚ್ಛವಾಗಿರಲಿ, ರಬ್ಬರ್ ಪೈಪು ಹೊಸದಾಗಿರಲಿ.

ಇನ್ನು ಕಾರ್ಬ್ಯುರೇಟರ್. ಹತ್ತು ಬೈಕುಗಳಲ್ಲಿ ಎಂಟು ಸ್ಟಾರ್ಟ್ ಆಗದೆ ಒದ್ದಾಡುವುದು ಇಲ್ಲೇ. ಪೆಟ್ರೋಲ್ ಆರಿ ಹೋದ ಮೇಲೆ ಉಳಿದ ಹಸಿರು ಅಂಟು ಸ್ಲೋ ಜೆಟ್ಟಿನ (ಐಡಲಿನಲ್ಲಿ ಪೆಟ್ರೋಲ್ ಬಿಡುವ ಹಿತ್ತಾಳೆ ತುಂಡಿನ) ಕೂದಲೆಳೆಯಷ್ಟು ಕಿರಿದಾದ ತೂತನ್ನು ಮುಚ್ಚಿರುತ್ತದೆ. ಬೈಕ್ ಚೋಕ್ ಎಳೆದರೆ ಮಾತ್ರ ನಡೆದು, ಚೋಕ್ ಬಿಟ್ಟ ಕೂಡಲೇ ಆರಿಹೋಗುವುದು ಇದರದೇ ಗುರುತು. ಏರ್ ಸ್ಕ್ರೂ ಬಿಚ್ಚುವ ಮುಂಚೆ ಅದನ್ನು ಒಳಕ್ಕೆ ಮೆತ್ತಗೆ ತಿರುಪುತ್ತಾ ಎಷ್ಟು ಸುತ್ತು ಬಂತೆಂದು ಬರೆದಿಟ್ಟುಕೊಳ್ಳಿ, ಮರಳಿ ಅಷ್ಟಕ್ಕೇ ಬಿಡಬೇಕು. ಜೆಟ್ಟುಗಳನ್ನು ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಹೊಡೆಯಿರಿ. ಪಿನ್ನು, ಸೂಜಿ, ಕಬ್ಬಿಣದ ತಂತಿ ಬೇಡ. ಹಿತ್ತಾಳೆ ಮೃದು, ತೂತು ಸ್ವಲ್ಪ ಅಗಲವಾದರೂ ಆ ಬೈಕು ಮುಂದೆ ಸರಿಯಾಗಿ ಮೈಲೇಜು ಕೊಡದು. ಮೀನು ಹಿಡಿಯುವ ನೈಲಾನ್ ದಾರ ಸಾಕು. ಫ್ಲೋಟ್ ಚೇಂಬರಿನ (ಕಾರ್ಬ್ಯುರೇಟರಿನ ತಳದ ಪೆಟ್ರೋಲ್ ಬಟ್ಟಲಿನ) ರಬ್ಬರ್ ರಿಂಗ್ ಊದಿಕೊಂಡಿರುತ್ತದೆ, ಬದಲಿಸಿ.

ಏರ್ ಫಿಲ್ಟರ್ ಡಬ್ಬಿ ತೆರೆದಾಗ ಇಲಿ ಗೂಡು, ಸೈಲೆನ್ಸರ್ ಬಾಯಲ್ಲಿ ಕಣಜದ ಹುಳದ ಮಣ್ಣು ಸಿಕ್ಕರೆ ಅಚ್ಚರಿಯಿಲ್ಲ. ಸೀಟ್ ಕೆಳಗಿನ ವೈರುಗಳನ್ನೂ ಇಲಿ ಕಚ್ಚಿದೆಯೇ ಎಂದು ಬೆರಳಾಡಿಸಿ ನೋಡಿ.

ಬ್ಯಾಟರಿ ಸತ್ತಿದ್ದರೂ ಚಿಂತೆಯಿಲ್ಲ. ಕಿಕ್ ಮಾದರಿಯಲ್ಲಿ ಕಿಡಿಗೆ ಬೇಕಾದ ಕರೆಂಟು ಮ್ಯಾಗ್ನೆಟ್ಟಿನಿಂದಲೇ ಬರುತ್ತದೆ. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟಿಗಾಗಿ ಮುಂದೆ 12 ವೋಲ್ಟಿನ 2.5 ಆಂಪಿಯರ್ ಅವರ್ ಬ್ಯಾಟರಿ ಹಾಕಿಸಿದರಾಯಿತು.

ಸ್ಟಾರ್ಟ್ ಮಾಡುವುದು

ಬಯಲಿನಲ್ಲೇ ಮಾಡಿ, ಮುಚ್ಚಿದ ಶೆಡ್ಡಿನ ಹೊಗೆ ಜೀವ ತೆಗೆಯುತ್ತದೆ. ಒಂದು ಲೀಟರ್ ಹೊಸ ಪೆಟ್ರೋಲ್, 0.7 ಮಿಮೀ ಸಂದು ಇಟ್ಟ ಹೊಸ ಪ್ಲಗ್, ಚೋಕ್ ಎಳೆದು ಕಿಕ್. ಮೊದಲ ಎರಡು ನಿಮಿಷ ದಟ್ಟ ಹೊಗೆ ಬರುವುದು ಸಹಜ, ನೀವೇ ಸುರಿದ ಆಯಿಲ್ ಉರಿಯುತ್ತಿದೆ. ಹತ್ತು ನಿಮಿಷವಾದರೂ ನೀಲಿ ಹೊಗೆ ನಿಲ್ಲದಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ. ಎಕ್ಸಿಲರೇಟರ್ ಏರಿಸಬೇಡಿ, ಐಡಲಿನಲ್ಲೇ ಬಿಡಿ. ಬಿಸಿಯಾದ ಮೇಲೆ ಎಂಜಿನ್ ಆಫ್ ಮಾಡಿ ಆ ಆಯಿಲನ್ನೂ ಇಳಿಸಿ ಹೊಸದು ಹಾಕಿ. ಒಳಗಿನ ಕೊಳೆಯೆಲ್ಲ ಬಿಟ್ಟು ಅದರಲ್ಲಿ ಬಂದಿರುತ್ತದೆ, 300-400 ರೂಪಾಯಿ ಉಳಿಸುವ ಜಾಗ ಇದಲ್ಲ. ಗೇರ್ ಹಾಕಿದಾಗ ಕ್ಲಚ್ ಹಿಡಿದರೂ ಬೈಕು ಮುಂದಕ್ಕೆ ನೆಗೆದರೆ ಪ್ಲೇಟುಗಳು ಅಂಟಿವೆ. ಎಂಜಿನ್ ಆಫ್ ಮಾಡಿ, ಎರಡನೇ ಗೇರಿನಲ್ಲಿ ಕ್ಲಚ್ ಹಿಡಿದು ಹಿಂದೆ ಮುಂದೆ ನೂಕಿದರೆ ಸಾಮಾನ್ಯವಾಗಿ ಬಿಡುತ್ತವೆ.

ಓಡುವುದಕ್ಕಿಂತ ನಿಲ್ಲುವುದು ಮುಖ್ಯ

ಎಂಜಿನ್ ಸದ್ದು ಕೇಳಿದ ಖುಷಿಗೆ ಹಾಗೇ ರಸ್ತೆಗೆ ಹೋಗಬೇಡಿ. ಎರಡೂ ಚಕ್ರ ಬಿಚ್ಚಿ ಬ್ರೇಕ್ ಶೂ ನೋಡಲೇಬೇಕು. ಶೂಗೆ ಅಂಟಿಸಿದ ಲೈನರ್ ವರ್ಷಗಳ ತೇವಕ್ಕೆ ಬಿಟ್ಟುಕೊಂಡಿರುತ್ತದೆ. ಓಡುವಾಗ ಅದು ಕಳಚಿ ಡ್ರಮ್ಮಿನೊಳಗೆ ಸಿಕ್ಕಿಕೊಂಡರೆ ಚಕ್ರ ಒಮ್ಮೆಗೇ ಲಾಕ್ ಆಗುತ್ತದೆ. ನೋಡಲು ದಪ್ಪವಾಗಿದ್ದರೂ ಹಳೆಯ ಶೂ ಬೇಡ, ಎರಡೂ ಜೊತೆ ಹೊಸದು ಹಾಕಿ. ಬ್ರೇಕ್ ಕ್ಯಾಮ್ ಬಿಗಿದಿದ್ದರೆ ಹೊರತೆಗೆದು ಉಜ್ಜಿ ಗ್ರೀಸ್ ಸವರಿ, ಲೈನರಿಗೆ ಗ್ರೀಸ್ ತಾಗದಿರಲಿ. ಬ್ರೇಕ್, ಕ್ಲಚ್, ಎಕ್ಸಿಲರೇಟರ್ ಮೂರೂ ಕೇಬಲ್ ಬದಲಿಸಿ.

ಟೈರಿನ ಪಕ್ಕದ ಅಂಡಾಕಾರದೊಳಗಿನ ನಾಲ್ಕು ಅಂಕಿ ಓದಿ: 2314 ಎಂದರೆ 2014ರ 23ನೇ ವಾರದ ಟೈರ್. ಟೈರಿನ ಗೆರೆ ಎಷ್ಟೇ ಆಳವಿದ್ದರೂ ಬಿರುಕು ಬಿಟ್ಟ ರಬ್ಬರ್ ಮಳೆಯಲ್ಲಿ ಹಿಡಿಯುವುದಿಲ್ಲ. ಅಳತೆ 2.75-18, ಟ್ಯೂಬೂ ಹೊಸದೇ. ಒಬ್ಬರೇ ಓಡಿಸುವಾಗ ಮುಂದೆ 25, ಹಿಂದೆ 28 ಪಿಎಸ್‌ಐ ಗಾಳಿ. ಚೈನನ್ನು ಸೀಮೆಎಣ್ಣೆಯಲ್ಲಿ ಅಥವಾ ಡೀಸೆಲ್‌ನಲ್ಲಿ ತೊಳೆದು, ನಡುವೆ 25 ಮಿಮೀ ಸಡಿಲ ಬಿಡಿ.

ವಿಮೆ ಇಲ್ಲದೆ ಸಿಕ್ಕಿಬಿದ್ದರೆ ದಂಡ ಕಟ್ಟಬೇಕು. ಅಪಘಾತವಾದರೆ ಪರಿಹಾರವೆಲ್ಲ ನಿಮ್ಮ ತಲೆಗೆ. ಹಾಗಾಗಿ ವಿಮೆ, ಎಮಿಷನ್ ಟೆಸ್ಟ್, ಆರ್‌ಟಿಒ ನವೀಕರಣ ಆಗುವ ತನಕ ಪರೀಕ್ಷೆಯೆಲ್ಲ ಅಂಗಳದಲ್ಲೇ ನಡೆಯಲಿ. ರಸ್ತೆಗಿಳಿದ ಮೊದಲ 100 ಕಿಲೋಮೀಟರ್ ಊರ ಸುತ್ತಮುತ್ತಲೇ ಓಡಿಸಿ, ಗಂಟೆಗೆ 40 ದಾಟಬೇಡಿ. ಮನೆಗೆ ಬಂದಾಗಲೆಲ್ಲ ಬ್ರೇಕ್ ಡ್ರಮ್ ಮುಟ್ಟಿ ಬಿಸಿ ನೋಡಿ, ಆಯಿಲ್ ಮಟ್ಟ ನೋಡಿ, ಮುಂದಿನ ಫೋರ್ಕಿನಲ್ಲಿ ಎಣ್ಣೆ ಜಿನುಗಿದೆಯೇ ನೋಡಿ. 100 ಆದ ಮೇಲೆ ಆಕ್ಸಲ್ ನಟ್ಟು ಬಿಗಿ ಮಾಡಿ, ಚೈನಿನ ಸಡಿಲ, ಟ್ಯಾಪೆಟ್ ಸಂದು ಎರಡನ್ನೂ ಇನ್ನೊಮ್ಮೆ ಸರಿಪಡಿಸಿಕೊಳ್ಳಿ.