ಇಸುಬು: ಸೋರುವ ಮಾಳಿಗೆಯನ್ನು ಮುಚ್ಚುವುದು ಹೇಗೆ?

‘ಕೆರೆತಕ್ಕೊಂದು ಟ್ಯೂಬ್ ಕೊಡ್ರಿ.’ ದಾವಣಗೆರೆಯ ಮೆಡಿಕಲ್ ಶಾಪಿನಲ್ಲಿ ನಿಂತು ಹನ್ನೊಂದು ವರ್ಷ ಹೀಗೇ ಕೇಳಿದವನು ನಾನು. ಮೊಣಕಾಲ ಹಿಂದಿನ ಮಡಿಕೆಯ ಇಸುಬು (ಎಕ್ಸಿಮಾ), ಹಚ್ಚಿದ ಮೂರು ದಿನಕ್ಕೆ ಮಾಯ, ಬಿಟ್ಟ ಹತ್ತು ದಿನಕ್ಕೆ ಮತ್ತೆ ಹಾಜರ್. ಅಲ್ಲಿನ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾದ ಮೇಲಷ್ಟೇ ಚರ್ಮದ ಡಾಕ್ಟರ ಬಾಗಿಲು ತಟ್ಟಿದೆ.

ಚಿತ್ರದುರ್ಗದ ಕಡೆ ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳೆದವರಿಗೆ ಈ ಕಾಯಿಲೆ ಬೇಗ ಅರ್ಥವಾಗುತ್ತದೆ. ಮಳೆಗೆ ಮುಂಚೆ ಮೇಲೆ ಚೌಳು ಮಣ್ಣು ಹರವದಿದ್ದರೆ ಬಿರುಕಲ್ಲಿ ನೀರು ಇಳಿಯುತ್ತದಲ್ಲ, ಇಸುಬಿನ ಚರ್ಮವೂ ಹಾಗೇ. ಒಳಗಿನ ತೇವ ಆರಿಹೋಗುತ್ತದೆ, ಹೊರಗಿನ ಧೂಳು, ಸೋಪು, ಕ್ರಿಮಿ ಒಳಗೆ ನುಗ್ಗುತ್ತವೆ. ಅವುಗಳ ಮೇಲೆ ಮೈ ತಿರುಗಿಬಿದ್ದಾಗ ಹುಟ್ಟುವುದೇ ಉರಿ, ನವೆ. ಕೆರೆದಷ್ಟೂ ಬಿರುಕು ಅಗಲ. ಚರ್ಮವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನು ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ. ಅಸ್ತಮಾ, ಸೀನು ಇರುವ ಮನೆಗಳಲ್ಲಿ ಇಸುಬೂ ಹೆಚ್ಚು. ಬೇರು ಸಮೇತ ಕೀಳುತ್ತೇವೆ ಎನ್ನುವವರನ್ನು ನಂಬಬೇಡಿ. ಆದರೆ ತಿಂಗಳುಗಟ್ಟಲೆ ಅದು ತಲೆಯೆತ್ತದಂತೆ ನೋಡಿಕೊಳ್ಳಬಹುದು.

ಮೊದಲು, ಇಸುಬೇ ಹೌದಾ?

ಅಂಚು ಉಬ್ಬಿ, ನಡುವೆ ತಿಳಿಯಾಗುತ್ತ ಬಳೆಯಂತೆ ಹರಡಿದರೆ ಅದು ಹುಳುಕಡ್ಡಿ, ಅಂದರೆ ಶಿಲೀಂಧ್ರದ ಸೋಂಕು ಇರಬಹುದು. ರಾತ್ರಿ ಹೆಚ್ಚು ಕೆರೆತ, ಬೆರಳ ಸಂದಿಯಲ್ಲಿ ಗುಳ್ಳೆ, ಮನೆಮಂದಿಗೆಲ್ಲ ನವೆ ಎಂದರೆ ಕಜ್ಜಿಯ ಅನುಮಾನ. ಹುಳುಕಡ್ಡಿಗೆ ಉರಿ ತಗ್ಗಿಸುವ ಸ್ಟೆರಾಯ್ಡ್ ಮುಲಾಮು ಹಚ್ಚಿದರೆ ಕೆರೆತ ನಿಂತಂತೆ ಅನಿಸುತ್ತದೆ, ಅಡಿಯಲ್ಲಿ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ. ಅನುಮಾನವಿದ್ದರೆ ಡಾಕ್ಟರು ಚರ್ಮದ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋವಿಲ್ಲದ, ಸಣ್ಣ ಪರೀಕ್ಷೆ.

ಕೆಣಕುವುದು ಯಾವುದು?

ನಮ್ಮ ಸೀಮೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯ ಬಳಿ ಕಂಡ ಈ ಕಳೆ ಈಗ ಮೆಕ್ಕೆಜೋಳದ ಹೊಲದ ಬದುವಿನಿಂದ ಬಡಾವಣೆಯ ಖಾಲಿ ಸೈಟಿನವರೆಗೂ ಇದೆ. ಮುಟ್ಟಲೇಬೇಕೆಂದಿಲ್ಲ, ಗಾಳಿಯಲ್ಲಿ ತೇಲಿಬರುವ ಅದರ ಪುಡಿಯೇ ಸಾಕು. ರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗುತ್ತಿದ್ದರೆ, ಹೊಲಕ್ಕೆ ಹೋದ ದಿನ ಹೆಚ್ಚುತ್ತಿದ್ದರೆ, ಇದನ್ನು ಡಾಕ್ಟರಿಗೆ ಹೇಳಲೇಬೇಕು. ಗಿಡವನ್ನು ಹೂ ಬಿಡುವ ಮುಂಚೆ ಕೀಳಿಸಿ. ಕೀಳುವವರು ಇಸುಬು ಇರುವವರಾಗಬಾರದು, ಕೀಳುವವರಿಗೂ ತುಂಬುತೋಳು, ಕೈಗವಸು ಇರಲಿ. ಒಗೆದ ಬಟ್ಟೆಯನ್ನು ಬೇಲಿಯ ಮೇಲೆ ಹರವಬೇಡಿ, ಆ ಪುಡಿ ಕೂತೀತು.

ಗಾರೆ ಕೆಲಸದವರಿಗೆ ಸಿಮೆಂಟಿನಲ್ಲಿರುವ ಕ್ರೋಮೇಟ್, ಹೆಣ್ಣುಮಕ್ಕಳಿಗೆ ರೋಲ್ಡ್‌ಗೋಲ್ಡ್ ಓಲೆಯ ನಿಕ್ಕಲ್, ತಲೆಗೆ ಹಚ್ಚುವ ಕಪ್ಪು ಬಣ್ಣ ಕೂಡ ಕೆಣಕಬಲ್ಲವು. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಡುವ ಪ್ಯಾಚ್ ಟೆಸ್ಟಿನಲ್ಲಿ ಇಂಥವು ಸಿಕ್ಕಿಬೀಳುತ್ತವೆ. ಚಳ್ಳಕೆರೆ ಕಂಬಳಿಯ ಮೇಲೆ ನನಗೆ ಅಭಿಮಾನವಿದೆ. ಆದರೂ ಉಣ್ಣೆ ಚುಚ್ಚುವುದರಿಂದ ಅದರೊಳಗೆ ಹತ್ತಿಯ ದುಪ್ಪಟಿ ಹೊದೆಯಲೇಬೇಕು.

ಇನ್ನು ನಂಜು. ಬದನೆಕಾಯಿ ಬೇಡ, ಕುಂಬಳಕಾಯಿ ಬೇಡ ಎಂದು ಅಜ್ಜಿಯರು ಹೇಳುತ್ತಾರೆ. ತಿಂದಾಗಲೆಲ್ಲ ಕೆರೆತ ಏರುವುದು ನಿಮಗೇ ಕಂಡಿದ್ದರೆ ಬಿಡಿ. ಬರೀ ಊಹೆಯ ಮೇಲೆ ಮಕ್ಕಳ ಹಾಲು, ಮೊಟ್ಟೆ ನಿಲ್ಲಿಸಬೇಡಿ, ಬೆಳವಣಿಗೆ ಕುಂಠಿತವಾದೀತು.

ಮೂರು ನಿಮಿಷದ ಕೆಲಸ

ಹಂಡೆಯ ಸುಡುನೀರು ಕೆರೆತಕ್ಕೆ ಆ ಕ್ಷಣ ಹಿತ, ಆಮೇಲೆ ಶತ್ರು. ಉಗುರುಬೆಚ್ಚಗಿನ ನೀರಲ್ಲಿ ಐದರಿಂದ ಹತ್ತು ನಿಮಿಷ ಸಾಕು. ಬೋರ್‌ವೆಲ್ಲಿನ ಗಡಸು ನೀರಲ್ಲಿ ನೊರೆ ಬರಲಿಲ್ಲವೆಂದು ಸೋಪನ್ನು ಇನ್ನಷ್ಟು ತಿಕ್ಕುತ್ತೇವೆ, ಅದು ಬೇಡ. ಕಂಕುಳು, ತೊಡೆಸಂದಿ, ಪಾದಕ್ಕೆ ವಾಸನೆಯಿಲ್ಲದ ಸೌಮ್ಯ ಸೋಪು ಹಾಕಿ, ಉಳಿದ ಮೈಗೆ ನೀರೇ ಸಾಕು. ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ. ಮೈ ಇನ್ನೂ ತೇವವಾಗಿರುವಾಗಲೇ, ಮೂರು ನಿಮಿಷದೊಳಗೆ, ಧಾರಾಳವಾಗಿ ಪೆಟ್ರೋಲಿಯಂ ಜೆಲ್ಲಿ ಅಥವಾ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಸವರಿ. ಚೌಳು ಮಣ್ಣು ಎಂದರೆ ಇದೇ. ಮೈಯೆಲ್ಲ ಇಸುಬಿದ್ದರೆ ದೊಡ್ಡವರಿಗೆ ವಾರಕ್ಕೆ 250ರಿಂದ 500 ಗ್ರಾಂ ಬೇಕಾಗುತ್ತದೆ. ಸಣ್ಣ ಡಬ್ಬಿ ತಂದು ಆರು ತಿಂಗಳು ಉಳಿಸುವವರು ಹಚ್ಚುತ್ತಲೇ ಇಲ್ಲ ಎಂದರ್ಥ. ಶುದ್ಧ ಕೊಬ್ಬರಿ ಎಣ್ಣೆಯೂ ಕೆಲವರಿಗೆ ಒಗ್ಗುತ್ತದೆ. ಕೆರೆತ ಇಲ್ಲದ ದಿನವೂ ಬಿಡಬೇಡಿ, ಬಹಳ ಜನ ಎಡವುವುದು ಇಲ್ಲೇ.

ಮುಲಾಮಿನ ಲೆಕ್ಕ

ಸ್ಟೆರಾಯ್ಡ್ ಮುಲಾಮು ವಿಷವಲ್ಲ. ಕೆಂಪಾಗಿ ಕೆರಳಿದ ಇಸುಬಿಗೆ ಅದೇ ಮುಖ್ಯ ಔಷಧ. ಅಳತೆ ಸುಲಭ: ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈಯಗಲದ ಜಾಗಕ್ಕೆ ಅಷ್ಟು ಸಾಕು. ಮುಖ, ರೆಪ್ಪೆ, ಸಂದಿಗಳಿಗೆ ಕಡಿಮೆ ಶಕ್ತಿಯದು, ಇಲ್ಲವೇ ಸ್ಟೆರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಬರೆಯುತ್ತಾರೆ. ಪದೇಪದೇ ಮರುಕಳಿಸುವವರಿಗೆ, ಚರ್ಮ ನುಣುಪಾದ ಮೇಲೂ ಅದೇ ಜಾಗಕ್ಕೆ ವಾರಕ್ಕೆರಡು ಸಲ ಹಚ್ಚಲು ಹೇಳುವುದುಂಟು. ತಪ್ಪಿರುವುದು ಸ್ಟೆರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕ ಎಲ್ಲ ಕಲಸಿದ ಮುಲಾಮನ್ನು ಚೀಟಿಯಿಲ್ಲದೆ ಕೊಂಡು ವರ್ಷಗಟ್ಟಲೆ ಬಳಿಯುವುದರಲ್ಲಿ. ‘ಒಂದು ಸೂಜಿ ಹಾಕಿಬಿಡಿ’ ಎಂಬ ಬೇಡಿಕೆಯೂ ಬೇಡ. ಸ್ಟೆರಾಯ್ಡ್ ಸೂಜಿಯ ಗುಣ ಇಳಿದ ಮೇಲೆ ಇಸುಬು ದುಪ್ಪಟ್ಟಾಗಿ ಮರಳಬಹುದು.

ಇಷ್ಟಕ್ಕೂ ಬಗ್ಗದಿದ್ದರೆ ದಾರಿ ಮುಚ್ಚಿಲ್ಲ. ಬೆಳಕಿನ ಚಿಕಿತ್ಸೆ ಇದೆ. ಪಾರ್ಥೇನಿಯಂ ಇಸುಬಿಗೆ ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ಕೊಡುವುದುಂಟು, ನಡುನಡುವೆ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಹಳದಿ ಹಕ್ಕಳೆ, ಕೀವು, ಜ್ವರ, ಅಥವಾ ಒಂದೇ ಅಳತೆಯ ನೋವಿನ ಗುಳ್ಳೆಗಳು ದಿಢೀರನೆ ಗುಂಪಾಗಿ ಎದ್ದರೆ ತಡಮಾಡದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಚರ್ಮದ ಡಾಕ್ಟರ ಬಳಿ ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಳ್ಳಿ, ಖಾಲಿಯಾದವೂ ಇರಲಿ. ನನ್ನ ಕವರಿನಲ್ಲಿ ಒಂಬತ್ತಿದ್ದವು. ಡಾಕ್ಟರು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಕನ್ನಡಕ ಏರಿಸಿ ಓದಿದರು. ಏಳರಲ್ಲಿ ಇದ್ದದ್ದು ಒಂದೇ ಔಷಧ, ಅತಿ ಪ್ರಬಲ ಸ್ಟೆರಾಯ್ಡ್ ಆದ ಕ್ಲೊಬೆಟಸಾಲ್. ಡಬ್ಬದ ಬಣ್ಣವಷ್ಟೇ ಬೇರೆ.