ಕೋಷ್ಟಕವನ್ನು ಕೆಳಗಿನಿಂದ ಓದಿದಾಗ: ವೈಕ್ ಆನ್ ಝೀ ಇತಿಹಾಸವನ್ನು ನಾನು ಕಲಿಸಿದ ಬಗೆ

ಜನವರಿ ಬಂತೆಂದರೆ ನನ್ನ ಚೆಸ್ ತರಗತಿಯ ವೇಳೆ ಬದಲಾಗುತ್ತದೆ. ನೆದರ್ಲೆಂಡ್ಸ್‌ನ ಕಡಲ ತೀರದ ಹಳ್ಳಿ ವೈಕ್ ಆನ್ ಝೀಯಲ್ಲಿ ನಡೆಯುವ ಟಾಟಾ ಸ್ಟೀಲ್ ಚೆಸ್ ಟೂರ್ನಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಸುತ್ತು ಶುರುವಾದರೆ ನಮ್ಮಲ್ಲಿ ಸಂಜೆ ಆರೂವರೆ. ಮಕ್ಕಳು ಶಾಲೆ ಮುಗಿಸಿ, ತಿಂಡಿ ತಿಂದು, ನಮ್ಮ ಮನೆಯ ನಡುಮನೆಗೆ ಬರುವ ಹೊತ್ತಿಗೆ ಅಲ್ಲಿ ಗಡಿಯಾರಗಳು ಓಡತೊಡಗಿರುತ್ತವೆ. ಆ ಆಟಗಳನ್ನು ನೇರವಾಗಿ ನೋಡುತ್ತ ಪಾಠ ಮಾಡುವುದು ಮೊದಲಿನಿಂದಲೂ ನನ್ನ ಕ್ರಮ. ಆದರೆ ಆ ಟೂರ್ನಿಯ ಇತಿಹಾಸವನ್ನೇ ಪಾಠವಾಗಿಸಬೇಕು ಎಂದು ಹೊರಟಾಗ ನನಗೆ ಬೇರೆಯೇ ದಾರಿ ಹುಡುಕಬೇಕಾಯಿತು.

ವಿಜೇತರ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಇಸವಿ ಒಂದು ಕಡೆ, ಹೆಸರು ಇನ್ನೊಂದು ಕಡೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಮಾರನೆಯ ವಾರಕ್ಕೆ ಮರೆಯುತ್ತಾರೆ. ಆಟದ ಬದುಕು ಆ ಪಟ್ಟಿಯಲ್ಲಿಲ್ಲ, ಪೂರ್ಣ ಫಲಿತಾಂಶದ ಕೋಷ್ಟಕದಲ್ಲಿದೆ ಎಂಬುದು ನನ್ನ ಗಟ್ಟಿ ನಂಬಿಕೆ. ಯಾರು ಯಾರೊಡನೆ ಆಡಿದರು, ಯಾರಿಗೆ ಒಂದು, ಯಾರಿಗೆ ಅರ್ಧ, ಯಾರಿಗೆ ಸೊನ್ನೆ ಎಂಬುದೆಲ್ಲ ಅಲ್ಲಿರುತ್ತದೆ. ಹಾಗಾಗಿ ಒಂದು ನಿಯಮ ಮಾಡಿಕೊಂಡೆ. ಒಂದು ಸಂಜೆಗೆ ಒಂದು ವರ್ಷ. ಆ ವರ್ಷದ ಕೋಷ್ಟಕವನ್ನು ಚಾರ್ಟ್ ಹಾಳೆಯ ಮೇಲೆ ಬರೆಯುವುದು. ಓದುವುದು ಮಾತ್ರ ಕೊನೆಯ ಸ್ಥಾನದಿಂದ ಮೇಲಕ್ಕೆ.

ಮೊದಲು ತೆಗೆದುಕೊಂಡದ್ದು 2007. ಆ ವರ್ಷ ತೈಮೂರ್ ರಾಜಬೋವ್, ವೆಸೆಲಿನ್ ಟೋಪಲೋವ್, ಲೆವೋನ್ ಅರೋನಿಯನ್ ಮೂವರೂ ಮೊದಲ ಸ್ಥಾನ ಹಂಚಿಕೊಂಡರು. ನಾವು ಶುರು ಮಾಡಿದ್ದು ಕೆಳಗಿನ ಸಾಲಿನಿಂದ. ಹದಿಮೂರು ಆಟಗಳಲ್ಲಿ ಒಂದೂ ಗೆಲುವಿಲ್ಲ, ಒಂಬತ್ತು ಡ್ರಾ, ನಾಲ್ಕು ಸೋಲು, ಒಟ್ಟು ನಾಲ್ಕೂವರೆ ಪಾಯಿಂಟ್. ಅಲೆಕ್ಸಿ ಶಿರೋವ್ ಜೊತೆ ತಳದಲ್ಲಿ ಉಳಿದಿದ್ದ ಹದಿನಾರರ ಹುಡುಗನ ಹೆಸರನ್ನು ನಾನು ಮುಚ್ಚಿಟ್ಟಿದ್ದೆ. ಕಾಗದ ಸರಿಸಿದಾಗ ಒಬ್ಬ ಹುಡುಗ, "ಮಿಸ್, ಇದು ಬೇರೆ ಕಾರ್ಲ್‌ಸನ್ ಅಲ್ಲವಾ?" ಎಂದು ಕೇಳಿದ. ಮುಂದೆ ವಿಶ್ವ ಚಾಂಪಿಯನ್ ಆದ ಅದೇ ಮ್ಯಾಗ್ನಸ್ ಕಾರ್ಲ್‌ಸನ್. ಮರುವರ್ಷ, 2008ರಲ್ಲಿ, ಅದೇ ಸಭಾಂಗಣದಲ್ಲಿ ಎಂಟು ಪಾಯಿಂಟ್ ಗಳಿಸಿ ಅರೋನಿಯನ್ ಜೊತೆ ಮೊದಲ ಸ್ಥಾನ ಹಂಚಿಕೊಂಡವರು. ಮುಂದೆ ಒಟ್ಟು ಎಂಟು ಬಾರಿ ಈ ಟೂರ್ನಿ ಗೆದ್ದವರು. ಎರಡೂ ಕೋಷ್ಟಕಗಳನ್ನು ಗೋಡೆಯ ಮೇಲೆ ಅಕ್ಕಪಕ್ಕ ಅಂಟಿಸಿದೆ. ಮಕ್ಕಳು ತಾವಾಗಿಯೇ ಅವರ ಎರಡು ವರ್ಷಗಳ ಆಟಗಳನ್ನು ಹುಡುಕಿ ಪಟದ ಮೇಲೆ ಆಡಿ ನೋಡತೊಡಗಿದರು. ನಾನು ಹೇಳಿಕೊಡಬೇಕಾದ್ದು ಏನೂ ಉಳಿಯಲಿಲ್ಲ.

ಅಲ್ಲಿಂದ ಹಿಂದಕ್ಕೆ ಹೋದೆವು. ಆಗ ಮುಖ್ಯ ಗುಂಪಿನ ಕೆಳಗೆ ಬಿ ಗುಂಪು, ಅದರ ಕೆಳಗೆ ಸಿ ಗುಂಪು ಇದ್ದವು. ಕಾರ್ಲ್‌ಸನ್ 2006ರಲ್ಲಿ ಬಿ ಗುಂಪಿನಲ್ಲಿದ್ದರು, ಅಲೆಕ್ಸಾಂಡರ್ ಮೋಟಿಲೆವ್ ಜೊತೆ ಮೊದಲಿಗರು. 2005ರಲ್ಲೂ ಬಿ ಗುಂಪು. ಆ ಸಲ ಅದನ್ನು ಗೆದ್ದದ್ದು ಸೆರ್ಗೆಯ್ ಕರ್ಯಾಕಿನ್. 2004ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಸಿ ಗುಂಪಿನಲ್ಲಿ ಹದಿಮೂರಕ್ಕೆ ಹತ್ತೂವರೆ. ಅದೇ ಗುಂಪಿನಲ್ಲಿ ಸಿಪ್ಕೆ ಅರ್ನ್ಸ್ಟ್ ವಿರುದ್ಧ ಕುದುರೆಯನ್ನು ಜಿ6 ಮನೆಯಲ್ಲಿ ಬಲಿ ಕೊಟ್ಟು, ಆಮೇಲೆ ಒಂಟೆ ಕೊಟ್ಟು, ಆನೆಯನ್ನೂ ಕೊಟ್ಟು, ಕೊನೆಗೆ ಪಟದ ಮೇಲೆಯೇ ಚೆಕ್‌ಮೇಟ್ ಮಾಡಿದ ಆಟವಿದೆ. ಈ ಟೂರ್ನಿಯ ನಿಜವಾದ ಕಥೆ ನನಗೆ ಕಂಡದ್ದು ಇಂಥ ಕೆಳ ಹಂತದ ಗುಂಪುಗಳಲ್ಲಿ. ಫ್ಯಾಬಿಯಾನೊ ಕರುವಾನ 2008ರಲ್ಲಿ ಸಿ ಗುಂಪು, 2009ರಲ್ಲಿ ಬಿ ಗುಂಪು ಗೆದ್ದು, 2020ರಲ್ಲಿ ಮುಖ್ಯ ಗುಂಪಿನ ಪ್ರಶಸ್ತಿ ಪಡೆದರು. ವೆಸ್ಲಿ ಸೋ 2009ರಲ್ಲಿ ಸಿ ಗುಂಪು ಗೆದ್ದರು, 2017ರಲ್ಲಿ ಮುಖ್ಯ ಗುಂಪು. ಕರ್ಯಾಕಿನ್‌ಗೆ ಬಿ ಗುಂಪಿನಿಂದ ಅಗ್ರಸ್ಥಾನಕ್ಕೆ ನಾಲ್ಕು ವರ್ಷ ಸಾಕಾಯಿತು. ಅನೀಶ್ ಗಿರಿ 2010ರಲ್ಲಿ ಬಿ ಗುಂಪಿನಲ್ಲಿ ಗೆದ್ದವರು ಮೇಲಿನ ಪ್ರಶಸ್ತಿಗಾಗಿ 2023ರವರೆಗೆ ಕಾದರು. ನಡುವೆ 2018ರಲ್ಲಿ ಕಾರ್ಲ್‌ಸನ್‌ಗೆ, 2021ರಲ್ಲಿ ಯೋರ್ಡನ್ ವಾನ್ ಫೋರೀಸ್ಟ್‌ಗೆ ಟೈಬ್ರೇಕ್‌ನಲ್ಲಿ, ಅಂದರೆ ಪಾಯಿಂಟ್ ಸಮವಾದಾಗ ಆಡಿಸುವ ನಿರ್ಣಾಯಕ ಆಟಗಳಲ್ಲಿ, ಸೋತರು. ಆ ವಾನ್ ಫೋರೀಸ್ಟ್ ಕೂಡ 2019ರಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಜೊತೆ ತಳದಲ್ಲಿದ್ದವರೇ! 1985ರಲ್ಲಿ ಯಾನ್ ಟಿಮ್ಮನ್ ಗೆದ್ದ ಮೇಲೆ ಆತಿಥೇಯ ದೇಶಕ್ಕೆ ಪ್ರಶಸ್ತಿ ತಂದುಕೊಟ್ಟ ಮೊದಲಿಗರು ಅವರು.

2014ರಿಂದ ಮಾಸ್ಟರ್ಸ್ ಮತ್ತು ಚಾಲೆಂಜರ್ಸ್ ಎಂಬ ಎರಡೇ ಗುಂಪುಗಳಾದವು. ಚಾಲೆಂಜರ್ಸ್ ಗೆದ್ದವರಿಗೆ ಮರುವರ್ಷ ಮಾಸ್ಟರ್ಸ್‌ನಲ್ಲಿ ಜಾಗ. ಇದಕ್ಕಿಂತ ನ್ಯಾಯವಾದ ಏರ್ಪಾಡು ದೊಡ್ಡ ಟೂರ್ನಿಗಳಲ್ಲಿ ಇನ್ನೊಂದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ರೇಟಿಂಗ್ ನೋಡಿ ಕರೆಯುವುದು ಸುಲಭ. ಕೆಳಗೆ ಆಡಿ ಗೆದ್ದವರಿಗೆ ಬಾಗಿಲು ತೆರೆಯುವುದು ಬೇರೆ ಮಾತು. ಅದೇ ಡಿ ಮೋರಿಯಾನ್ ಸಭಾಂಗಣದಲ್ಲಿ ಹವ್ಯಾಸಿಗಳೂ ಹತ್ತು ಹತ್ತು ಮಂದಿಯ ಗುಂಪುಗಳಲ್ಲಿ ಆಡುತ್ತಾರೆ. ಗೆದ್ದವರು ಮುಂದಿನ ವರ್ಷ ಮೇಲಿನ ಗುಂಪಿಗೆ ಏರುತ್ತಾರೆ. ವಿಶ್ವ ಚಾಂಪಿಯನ್ ಯೋಚಿಸುತ್ತ ಕುಳಿತಿರುವ ಸಭಾಂಗಣದಲ್ಲೇ ಒಬ್ಬ ಶಾಲಾ ಶಿಕ್ಷಕನೂ ತನ್ನ ಕುದುರೆಯನ್ನು ಎಲ್ಲಿಡಲಿ ಎಂದು ಯೋಚಿಸುತ್ತಿರಬಹುದು.

ಇಂಥ ವ್ಯವಸ್ಥೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ 1938ಕ್ಕೆ ಬಂದು ನಿಂತೆವು. ಕರಾವಳಿಯ ಹೂಗೋವೆನ್ಸ್ ಉಕ್ಕಿನ ಕಾರ್ಖಾನೆಯ ಆಶ್ರಯದಲ್ಲಿ, ಪಕ್ಕದ ಬೇವರ್‌ವೈಕ್ ಪಟ್ಟಣದಲ್ಲಿ, ನಾಲ್ಕು ಮಂದಿಯ ಗುಂಪಿನಿಂದ ಶುರುವಾದ ಸ್ಪರ್ಧೆ ಇದು. ಮೊದಲು ಗೆದ್ದವರು ಫಿಲಿಪ್ ಬಾಕರ್. ಮಾಜಿ ವಿಶ್ವ ಚಾಂಪಿಯನ್ ಮ್ಯಾಕ್ಸ್ ಯೂವೆ 1940ರಲ್ಲಿ, ಮತ್ತೆ 1942ರಲ್ಲಿ ಗೆದ್ದರು. ದೇಶ ಜರ್ಮನಿಯ ವಶವಾದ ಮೇಲೂ ಆಟ ನಡೆದೇ ಇತ್ತು. 1943ರ ವಿಜೇತ ಆರ್ನಾಲ್ಡ್ ವಾನ್ ಡೆನ್ ಹುಕ್ ಯುದ್ಧದ ಕೊನೆಯ ವರ್ಷದಲ್ಲಿ ತೀರಿಕೊಂಡರು. 1945ರ ಸಾಲು ಖಾಲಿ. ಆ ಚಳಿಗಾಲದಲ್ಲಿ ಪಶ್ಚಿಮ ನೆದರ್ಲೆಂಡ್ಸ್ ಹಸಿವಿನಿಂದ ನರಳುತ್ತಿತ್ತು. ಆ ವರ್ಷಕ್ಕೂ ಒಂದು ಚಾರ್ಟ್ ಹಾಳೆ ಇಟ್ಟಿದ್ದೇನೆ, ಇಸವಿ ಮಾತ್ರ ಬರೆದು.

1946ರಲ್ಲಿ ಹತ್ತು ಮಂದಿಯ ಟೂರ್ನಿಯಾಗಿ ಮತ್ತೆ ಆರಂಭ. ಬೆಲ್ಜಿಯಂನಿಂದ ಒಬ್ಬರನ್ನು, ಸ್ವೀಡನ್‌ನಿಂದ ಒಬ್ಬರನ್ನು ಕರೆಸಿಕೊಂಡರು. ಗೆದ್ದದ್ದು ಬೆಲ್ಜಿಯಂನ ಆಲ್ಬೆರಿಕ್ ಓ'ಕೆಲ್ಲಿ. ಅಲ್ಲಿಂದ ಇದು ಅಂತರರಾಷ್ಟ್ರೀಯ ಟೂರ್ನಿ. ಆಗ ಊಟದ ಸಾಮಗ್ರಿಗೆ ತತ್ವಾರ. ಸಮಾರೋಪದ ಔತಣದಲ್ಲಿ ಬಟಾಣಿ ಸೂಪು ಬಡಿಸಿದರು. ಆ ಸೂಪು ಇಂದಿಗೂ ತಪ್ಪಿಲ್ಲ. ಕಾರ್ಖಾನೆ ಕೈಬದಲಾಯಿಸಿ, ಬಹುಮಾನ ಬೆಳೆದು, ಜಗತ್ತಿನ ಅಗ್ರಗಣ್ಯರೆಲ್ಲ ಬಂದು ಹೋದ ಮೇಲೂ ಕೊನೆಗೆ ಅದೇ ದಪ್ಪ ಹಸಿರು ಸೂಪು. ಒಂದು ಕ್ರೀಡಾಕೂಟ ತನ್ನ ಕಷ್ಟಕಾಲವನ್ನು ಇಷ್ಟು ಗೌರವದಿಂದ ನೆನೆಯುವುದು ನನಗೆ ಬಹಳ ಹಿಡಿಸಿದ ಸಂಗತಿ.

ಐವತ್ತರಿಂದ ಎಂಬತ್ತರವರೆಗಿನ ದಶಕಗಳನ್ನು ತರಗತಿಯಲ್ಲಿ ಬೇಗ ದಾಟಿಸುತ್ತೇನೆ. ಹೆಸರುಗಳು ದೊಡ್ಡವೇ: ಪೆಟ್ರೋಸಿಯನ್, ಕೆರೆಸ್, ಸ್ಪಾಸ್ಕಿ, ಬೊಟ್ವಿನ್ನಿಕ್, ತಾಲ್. ಆದರೆ ಹತ್ತು ಹನ್ನೆರಡರ ಮಕ್ಕಳಿಗೆ ಆ ಕಾಲದ ನಿಧಾನದ ಆಟಗಳು ರುಚಿಸಲು ಇನ್ನೂ ಸ್ವಲ್ಪ ಸಮಯ ಬೇಕು. 1968ರಲ್ಲಿ ಮಾತ್ರ ನಿಲ್ಲುತ್ತೇವೆ. ಟೂರ್ನಿ ಬೇವರ್‌ವೈಕ್ ಬಿಟ್ಟು ವೈಕ್ ಆನ್ ಝೀಗೆ ಬಂದ ವರ್ಷ ಅದು. ವಿಕ್ಟರ್ ಕೋರ್ಚ್‌ನಾಯ್ ಎರಡನೆಯವರಿಗಿಂತ ಮೂರು ಪಾಯಿಂಟ್ ಮುಂದೆ ನಿಂತು ಗೆದ್ದರು. 1993 ಮತ್ತು 1995ರಲ್ಲಿ ನಾಕೌಟ್ ಮಾದರಿಯಲ್ಲಿ ಆಡಿಸಿದ್ದರಿಂದ ಎಲ್ಲರೂ ಎಲ್ಲರೊಡನೆ ಆಡಿದ ಕೋಷ್ಟಕವೇ ಇಲ್ಲ. ಸೋತವರು ಮರುದಿನ ಏನು ಮಾಡಿದರು ಎಂಬುದು ತಿಳಿಯದ ಮೇಲೆ ಅದರಿಂದ ನನ್ನ ಪಾಠಕ್ಕೆ ಸಿಗುವುದು ಕಡಿಮೆ. ಅವೆರಡನ್ನೂ ಬಿಟ್ಟುಬಿಟ್ಟೆ.

ಒಂದೇ ಒಂದು ಆಟಕ್ಕೆ ಇಡೀ ಸಂಜೆ ಮೀಸಲು. 1999ರ ಜನವರಿ 20, ಗ್ಯಾರಿ ಕಾಸ್ಪರೋವ್ ಬಿಳಿ, ಟೋಪಲೋವ್ ಕಪ್ಪು. ಇಪ್ಪತ್ತನಾಲ್ಕನೆಯ ನಡೆಯಲ್ಲಿ ಕಾಸ್ಪರೋವ್ ಆನೆಯಿಂದ ಡಿ4ರ ಪದಾತಿಯನ್ನು ಹೊಡೆಯುತ್ತಾರೆ. ಕಪ್ಪು ಆ ಆನೆಯನ್ನು ಮುಟ್ಟದೆ ರಾಜನನ್ನು ಬಿ6ಕ್ಕೆ ಸರಿಸಬಹುದಿತ್ತು. ಟೋಪಲೋವ್ ಆನೆಯನ್ನು ತೆಗೆದುಕೊಂಡರು. ಎರಡನೆಯ ಆನೆ ಇ7ಕ್ಕೆ ಬಂದು ಚೆಕ್ ಕೊಟ್ಟಿತು. ಇಲ್ಲಿಂದ ಮುಂದೆ ಕಪ್ಪು ರಾಜನನ್ನು ನಡೆಸುವ ಕೆಲಸ ಒಬ್ಬಳು ಹುಡುಗಿಯದು. ಎ7ರಲ್ಲಿದ್ದ ರಾಜ ಬಿ6, ಎ5, ಎ4, ಎ3, ಬಿ4, ಸಿ3, ಡಿ2 ದಾಟಿ ಡಿ1ಕ್ಕೆ, ಅಂದರೆ ಬಿಳಿಯ ಮೊದಲ ಸಾಲಿಗೇ ಬಂದು ನಿಂತಿತು. ಪ್ರತಿ ಮನೆಯಲ್ಲೂ ಅವಳು ಬೆರಳು ಎತ್ತದೆ ಕಾಯುತ್ತಿದ್ದಳು. ಬೇರೆ ದಾರಿ ಇದೆಯೇ ಎಂದು ಉಳಿದವರು ಹುಡುಕಬೇಕು. ಮೂವತ್ತಾರನೆಯ ನಡೆಯಲ್ಲಿ ಒಂಟೆ ಎಚ್3ರಿಂದ ಎಫ್1ಕ್ಕೆ ಹಿಂದೆ ಸರಿದು ಸಿ4ರಲ್ಲಿದ್ದ ಕಪ್ಪು ರಾಣಿಯ ಮೇಲೆ ಬಿದ್ದಾಗ ಕೋಣೆಯಲ್ಲಿ ಗದ್ದಲವೆದ್ದಿತು. ಒಂಟೆಯನ್ನು ರಾಣಿಯಿಂದ ತೆಗೆದರೆ? ಬಿಳಿ ರಾಣಿ ಸಿ2ರಿಂದ ಚೆಕ್ ಕೊಟ್ಟು, ರಾಜ ಇ1ಕ್ಕೆ ಓಡಿದರೆ ಆನೆ ಇ7ರಿಂದ ಮತ್ತೆ ಚೆಕ್ ಕೊಡುತ್ತದೆ. ಅಷ್ಟು ಕಾಯಿಗಳನ್ನು ಕೊಟ್ಟ ಆಟಕ್ಕೆ ಕೀಲಿ ಹಾಕಿದ್ದು ಹಿಂದಕ್ಕೆ ಸರಿದ ಒಂದು ನಡೆ ಎಂಬುದನ್ನು ಅವರೇ ಕಂಡುಕೊಂಡರು. ಆಟ ನಲವತ್ತನಾಲ್ಕನೆಯ ನಡೆಗೆ ಮುಗಿಯಿತು. ಹಾಗೆ ಸೋತ ಟೋಪಲೋವ್ 2006ರಲ್ಲಿ ವಿಶ್ವನಾಥನ್ ಆನಂದ್ ಜೊತೆ ಇಲ್ಲೇ ಪ್ರಶಸ್ತಿ ಹಂಚಿಕೊಂಡರು ಎಂಬುದನ್ನು ಆ ಆಟದ ಜೊತೆಗೇ ಹೇಳುತ್ತೇನೆ.

"ಟೂರ್ನಮೆಂಟ್ ಹತ್ತಿರ ಬಂತು, ಓಪನಿಂಗ್ ಹೇಳಿಕೊಡಿ ಮೇಡಂ, ಹಳೆಯದೆಲ್ಲ ಯಾಕೆ?" ಎಂದು ಕೇಳುವ ಪೋಷಕರಿದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಅವರನ್ನೂ ಕೂರಿಸಿಕೊಂಡು 2013ರ ನಾಲ್ಕನೆಯ ಸುತ್ತಿನ ಆಟ ತೋರಿಸುತ್ತೇನೆ. ಅರೋನಿಯನ್ ಬಿಳಿ, ಆನಂದ್ ಕಪ್ಪು, ಇಪ್ಪತ್ತಮೂರೇ ನಡೆಯಲ್ಲಿ ಆನಂದ್ ಗೆದ್ದರು. ಆ ಆಟವನ್ನು ನೋಡಿದವರೆಲ್ಲ 1907ರಲ್ಲಿ ರೂಬಿನ್‌ಸ್ಟೈನ್ ರೋಟ್ಲೆವಿಯನ್ನು ಸೋಲಿಸಿದ ಆಟವನ್ನು ನೆನೆದರು. ಎರಡನ್ನೂ ಎರಡು ಪಟಗಳ ಮೇಲೆ ಜೋಡಿಸಿಟ್ಟರೆ ಕಪ್ಪಿನ ಎರಡು ಒಂಟೆಗಳೂ ಒಂದೇ ಬಗೆಯಲ್ಲಿ ಬಿಳಿ ರಾಜನ ಕಡೆ ನೋಡುತ್ತಿರುವುದು ಕಾಣುತ್ತದೆ. ಹಳೆಯದು ಯಾಕೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ಹೆಣ್ಣುಮಕ್ಕಳು ಹೆಚ್ಚಾಗಿ ಬಂದ ದಿನ 2003ನ್ನು ತೆಗೆಯುತ್ತೇನೆ. ಆ ವರ್ಷ ಆನಂದ್ ಎಂಟೂವರೆ ಪಾಯಿಂಟ್‌ಗಳಿಂದ ಗೆದ್ದರು. ಅರ್ಧ ಪಾಯಿಂಟ್ ಹಿಂದೆ, ಒಂದೂ ಆಟ ಸೋಲದೆ, ಮಾಜಿ ವಿಶ್ವ ಚಾಂಪಿಯನ್ ಕಾರ್ಪೋವ್ ಅವರನ್ನು ಸೋಲಿಸಿ ಎರಡನೆಯ ಸ್ಥಾನದಲ್ಲಿದ್ದವರು ಹಂಗೇರಿಯ ಆಟಗಾರ್ತಿ ಯೂದಿತ್ ಪೋಲ್ಗಾರ್. ವಿಜೇತರ ಪಟ್ಟಿಯನ್ನಷ್ಟೇ ಓದುವವರ ಕಣ್ಣಿಗೆ ಈ ಸಾಲು ಬೀಳುವುದೇ ಇಲ್ಲ. ಇದು ಕಾಣದ ಇತಿಹಾಸ ನನಗೆ ಬೇಡ.

ಭಾರತದ ಭಾಗವನ್ನು ಎಲ್ಲಕ್ಕಿಂತ ಕೊನೆಗೆ ಹೇಳುತ್ತೇನೆ. 1989ರಲ್ಲಿ ಹತ್ತೊಂಬತ್ತರ ಆನಂದ್ ನಾಲ್ವರಲ್ಲಿ ಒಬ್ಬರಾಗಿ ಮೊದಲ ಸ್ಥಾನ ಹಂಚಿಕೊಂಡರು. ಆಮೇಲೆ 1998, 2003, 2004, 2006. ಈ ನಡುವೆ ಹೂಗೋವೆನ್ಸ್ ಬ್ರಿಟಿಷ್ ಸ್ಟೀಲ್ ಜೊತೆ ಸೇರಿ ಕೋರಸ್ ಆಯಿತು, ಕೋರಸ್ ಅನ್ನು 2007ರಲ್ಲಿ ಟಾಟಾ ಕೊಂಡಿತು, 2011ರಿಂದ ಟೂರ್ನಿಗೂ ಟಾಟಾ ಸ್ಟೀಲ್ ಹೆಸರು ಬಂತು. ಹೆಸರು ನಮ್ಮದಾದರೂ ಪ್ರಶಸ್ತಿ ಬಹಳ ಕಾಲ ಬರಲಿಲ್ಲ. ಕೆಳಗಿನ ಗುಂಪಿನಲ್ಲಿ ಮಾತ್ರ ಸದ್ದು ಕೇಳುತ್ತಲೇ ಇತ್ತು: 2012ರಲ್ಲಿ ಬಿ ಗುಂಪು ಗೆದ್ದ ಹರಿಕೃಷ್ಣ, ಚಾಲೆಂಜರ್ಸ್‌ನಲ್ಲಿ 2018ರಲ್ಲಿ ವಿದಿತ್ ಗುಜರಾತಿ, 2022ರಲ್ಲಿ ಹತ್ತೂವರೆ ಪಾಯಿಂಟ್‌ಗಳೊಂದಿಗೆ ಅರ್ಜುನ್ ಎರಿಗೈಸಿ, 2024ರಲ್ಲಿ ಲಿಯಾನ್ ಮೆಂಡೋನ್ಸಾ. 2025ರ ಕೊನೆಯ ದಿನ ವಿಶ್ವ ಚಾಂಪಿಯನ್ ಗುಕೇಶ್ ಅರ್ಜುನ್‌ಗೆ ಸೋತರು, ಪ್ರಜ್ಞಾನಂದ ಕೈಮರ್‌ಗೆ ಸೋತರು. ಇಬ್ಬರೂ ಎಂಟೂವರೆಯಲ್ಲಿ ಸಮ. ಟೈಬ್ರೇಕ್‌ನ ಮೊದಲ ಆಟ ಗುಕೇಶ್‌ಗೆ, ಎರಡನೆಯದು ಪ್ರಜ್ಞಾನಂದಗೆ, ನಿರ್ಣಾಯಕವಾದ ಮೂರನೆಯದೂ ಪ್ರಜ್ಞಾನಂದಗೆ. ಆನಂದ್ ನಂತರ ಮೊದಲ ಭಾರತೀಯ ವಿಜೇತ ಯಾರು ಎಂಬುದು ಇಬ್ಬರು ಭಾರತೀಯರ ನಡುವೆಯೇ ತೀರ್ಮಾನವಾಯಿತು.

ನಿಮ್ಮ ಮನೆಯಲ್ಲೋ ಶಾಲೆಯಲ್ಲೋ ಇದನ್ನು ಮಾಡಿ ನೋಡುವುದಾದರೆ 1938ರಿಂದ ಶುರು ಮಾಡಬೇಡಿ. 2007 ಮತ್ತು 2008ರ ಜೋಡಿ ತೆಗೆದುಕೊಳ್ಳಿ, ಮಕ್ಕಳಿಗೆ ಕೆಳಗಿನ ಸಾಲಿನ ಹೆಸರು ಮುಚ್ಚಿ ತೋರಿಸಿ. ಆಮೇಲೆ 2019 ಮತ್ತು 2021. ಮುಖ್ಯ ಗುಂಪಿನ ಕೋಷ್ಟಕದ ಪಕ್ಕದಲ್ಲಿ ಅದೇ ವರ್ಷದ ಕೆಳಗಿನ ಗುಂಪಿನದನ್ನೂ ಇಡಿ. 2015ರ ಚಾಲೆಂಜರ್ಸ್ ಗೆದ್ದ ವೆಯ್ ಯಿ ಹೆಸರಿಗೆ ಮಕ್ಕಳು ಗೀಟು ಹಾಕಿಕೊಳ್ಳಲಿ. 2024ರ ಟೈಬ್ರೇಕ್‌ನಲ್ಲಿ ಗುಕೇಶ್ ಅವರನ್ನು ಸೋಲಿಸಿ ಮಾಸ್ಟರ್ಸ್ ಗೆದ್ದವರ ಹೆಸರು ಬರೆಯುವಾಗ ಅವರಿಗೆ ಆ ಗೀಟು ತಾನಾಗಿ ಸಿಗುತ್ತದೆ.