ಕೆಲಸ ಹುಡುಕುವಾಗ ದಿನ ಕೈತಪ್ಪದ ಹಾಗೆ ನೋಡಿಕೊಳ್ಳುವುದು ಹೇಗೆ?

ಮೊದಲ ವಾರ ಎಲ್ಲರಿಗೂ ಹುಮ್ಮಸ್ಸು ಇರುತ್ತದೆ. ಮೂರನೇ ವಾರದ ಹೊತ್ತಿಗೆ ಬೆಳಗ್ಗೆ ಎದ್ದು ಫೋನ್ ಹಿಡಿದು, ಜಾಬ್ ಪೋರ್ಟಲ್ ತೆರೆದು, ಕಂಡ ಕಂಡ ಕಡೆಯೆಲ್ಲ ಅಪ್ಲೈ ಒತ್ತುತ್ತಾ ಕೂತರೆ ಮಧ್ಯಾಹ್ನ ಆಗಿರುತ್ತದೆ, ಏನು ಮಾಡಿದೆ ಅಂತ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಅದನ್ನು ಸೋಮಾರಿತನ ಅಂದುಕೊಂಡು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮರಿಯೆಂಥಾಲ್‌ನಲ್ಲಿ ಬಟ್ಟೆ ಕಾರ್ಖಾನೆ ಮುಚ್ಚಿ, ಊರಿನ ಬಹುತೇಕ ಮನೆಗಳು ಕೆಲಸ ಕಳೆದುಕೊಂಡಾಗ ಸಮಾಜ ಮನೋವಿಜ್ಞಾನಿ ಮರೀ ಯಹೋಡಾ ಮತ್ತು ಸಂಗಡಿಗರು ಅಲ್ಲಿ ಅಧ್ಯಯನ ಮಾಡಿದ್ದರು. ಜನರಿಗೆ ದಿನವಿಡೀ ಬಿಡುವಿತ್ತು. ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು, ಗಂಡಸರ ನಡಿಗೆಯೇ ನಿಧಾನವಾಗಿತ್ತು. ದಿನಕ್ಕೊಂದು ಆಕಾರ ಇಲ್ಲದೆ ಹೋದರೆ ಯಾರಿಗಾದರೂ ಹಾಗೇ ಆಗುತ್ತದೆ.

ಅದಕ್ಕೇ ಮೊದಲ ಹೆಜ್ಜೆ ರೆಸ್ಯೂಮ್ ಅಲ್ಲವೇ ಅಲ್ಲ, ಗಡಿಯಾರ. ದಿನಕ್ಕೆ ಮೂರು ಗಂಟೆ ಗೊತ್ತುಮಾಡಿ, ಒಂದೇ ಹೊತ್ತು, ಒಂದೇ ಜಾಗ. ಆ ಮೂರು ಗಂಟೆ ಮುಗಿದ ಮೇಲೆ ಪೋರ್ಟಲ್ ಮುಚ್ಚಿಬಿಡಿ. ರಾತ್ರಿ ಹಾಸಿಗೆಯಲ್ಲಿ ಮಲಗಿಕೊಂಡು ಮೇಲ್ ಬಂತಾ ಅಂತ ನೋಡುವುದರಿಂದ ನಿದ್ದೆ ಕೆಡುತ್ತದೆಯೇ ಹೊರತು ಮೇಲ್ ಬರುವುದಿಲ್ಲ.

ಎರಡನೆಯದು, ಲೆಕ್ಕ. ಎಷ್ಟು ಕಡೆಯಿಂದ ಕರೆ ಬಂತು ಅನ್ನುವುದು ನಿಮ್ಮ ಕೈಯಲ್ಲಿಲ್ಲ, ಅದನ್ನು ಎಣಿಸುತ್ತಾ ಕೂತರೆ ಕುಗ್ಗಿಹೋಗುತ್ತೀರಿ. ಈ ವಾರ ಎಷ್ಟು ಅರ್ಜಿ ಕಳಿಸಿದೆ, ಎಷ್ಟು ಜನರ ಜೊತೆ ಮಾತಾಡಿದೆ, ಹೊಸದಾಗಿ ಏನು ಕಲಿತೆ, ಇವು ನಿಮ್ಮ ಕೈಯಲ್ಲಿವೆ. ಒಂದು ಶೀಟ್ ಮಾಡಿ: ಕಂಪನಿ, ಹುದ್ದೆ, ಕಳಿಸಿದ ತಾರೀಖು, ಯಾವ ರೆಸ್ಯೂಮ್ ಕಳಿಸಿದ್ದು, ಮತ್ತೆ ಯಾವಾಗ ವಿಚಾರಿಸಬೇಕು. ಅಷ್ಟು ಸಾಕು. ಜಾಹೀರಾತನ್ನೂ ಉಳಿಸಿಟ್ಟುಕೊಳ್ಳಿ. ಇಂಟರ್‌ವ್ಯೂಗೆ ಕರೆ ಬರುವ ಹೊತ್ತಿಗೆ ಪೋರ್ಟಲ್‌ನಿಂದ ಅದು ಮಾಯವಾಗಿರಬಹುದು.

ಅರ್ಜಿ ವಾರಕ್ಕೆ ಐದಾರು ಸಾಕು, ಆದರೆ ಒಂದೊಂದನ್ನೂ ಮನಸ್ಸಿಟ್ಟು ಮಾಡಿ. ದೊಡ್ಡ ಕಂಪನಿಗಳಲ್ಲಿ ರೆಸ್ಯೂಮ್ ಹೆಚ್ಚಾಗಿ ಮೊದಲು ಸಾಫ್ಟ್‌ವೇರ್‌ಗೆ ಹೋಗುತ್ತದೆ, ಎಚ್‌ಆರ್‌ನವರು ಅದರಲ್ಲಿ ಬೇಕಾದ ಪದಗಳನ್ನು ಹಾಕಿ ಹುಡುಕುತ್ತಾರೆ. ಹಾಗಾಗಿ ನಿಮಗೆ ನಿಜವಾಗಿ ಗೊತ್ತಿರುವ ಕೆಲಸಕ್ಕೆ ಜಾಹೀರಾತಿನಲ್ಲಿ ಯಾವ ಪದ ಇದೆಯೋ ಅದೇ ಪದ ಬರೆಯಿರಿ. ಗೊತ್ತಿಲ್ಲದ್ದನ್ನು ಮಾತ್ರ ಸೇರಿಸಬೇಡಿ, ಎದುರು ಕೂತವರು ಎರಡು ಪ್ರಶ್ನೆಯಲ್ಲಿ ಹಿಡಿದುಬಿಡುತ್ತಾರೆ.

ಇನ್ನು ಜನ. ನನ್ನ ಪ್ರಕಾರ ಉಳಿದ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಹೋಗಬೇಕು, ಆದರೆ ಕೇಳಲು ಸಂಕೋಚ ಅಂತ ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪರಿಚಯದವರ ಮೂಲಕ ಕೆಲಸ ಸಿಕ್ಕಿದ್ದವರನ್ನು ಅವರು ವಿಚಾರಿಸಿದಾಗ, ಸುಳಿವು ಕೊಟ್ಟವರನ್ನು ಪದೇ ಪದೇ ಭೇಟಿ ಆಗುತ್ತಿದ್ದವರು ಶೇ 17ರಷ್ಟು ಮಾತ್ರ. ಉಳಿದವರಿಗೆ ಸುಳಿವು ಸಿಕ್ಕಿದ್ದು ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವವರಿಂದ. ಯೋಚಿಸಿದರೆ ಸರಿಯೇ ಅಲ್ವಾ? ಹತ್ತಿರದ ಗೆಳೆಯರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ದೂರದವರು ಓಡಾಡುವ ಜಗತ್ತೇ ಬೇರೆ. ಹಳೆಯ ಸಹೋದ್ಯೋಗಿ, ಕಾಲೇಜಿನಲ್ಲಿ ಎರಡು ಬೆಂಚು ಹಿಂದೆ ಕೂರುತ್ತಿದ್ದವರು, ಯಾವಾಗಲೋ ಜೊತೆಗೆ ತರಬೇತಿ ಪಡೆದವರು, ಹೀಗೆ ಇಪ್ಪತ್ತು ಹೆಸರು ಬರೆಯಿರಿ. ದಿನಕ್ಕೆ ಇಬ್ಬರಿಗೆ ಮೆಸೇಜ್ ಮಾಡಿ. ಸುಮ್ನೆ "ಎಲ್ಲಾದರೂ ಕೆಲಸ ಇದ್ದರೆ ಹೇಳಿ" ಅಂದರೆ ಪಾಪ ಅವರಿಗೂ ಏನು ಮಾಡಬೇಕೋ ತೋಚುವುದಿಲ್ಲ. "ನಾನು ಇಂಥ ಕೆಲಸ ಹುಡುಕುತ್ತಿದ್ದೇನೆ, ನಿಮ್ಮ ಕಂಪನಿಯಲ್ಲಿ ಆ ವಿಭಾಗ ಹೇಗಿದೆ ಅಂತ ಹತ್ತು ನಿಮಿಷ ಮಾತಾಡಬಹುದಾ?" ಅಂತ ಕೇಳಿ. ಹೀಗೆ ಕೇಳಿದರೆ ಉತ್ತರಿಸುವುದು ಸುಲಭ.

ಅರ್ಜಿ ಕಳಿಸಿ ವಾರ ಹತ್ತು ದಿನ ಕಳೆದರೂ ಸುದ್ದಿ ಇಲ್ಲದಿದ್ದರೆ ಒಂದು ಸಲ, ಎರಡೇ ಸಾಲಿನಲ್ಲಿ ವಿಚಾರಿಸಿ. ಆಮೇಲೂ ಮೌನವೇ ಆದರೆ ಶೀಟ್‌ನಲ್ಲಿ ಗುರುತು ಹಾಕಿ ಮುಂದಕ್ಕೆ ಹೋಗಿ. ಆಗುವುದಿಲ್ಲ ಅಂತ ಬಂದರೂ ಧನ್ಯವಾದ ಹೇಳಿ, ಯಾವುದು ಕಮ್ಮಿ ಆಯಿತು ಅಂತ ಕೇಳಿ, ಎಲ್ಲರೂ ಹೇಳುವುದಿಲ್ಲ, ಆದರೆ ಹೇಳುವವರು ಸಿಕ್ಕರೆ ಮುಂದಿನ ಇಂಟರ್‌ವ್ಯೂಗೆ ಅದಕ್ಕಿಂತ ಒಳ್ಳೆಯ ತಯಾರಿ ಇನ್ನೊಂದಿಲ್ಲ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ರಿಜಿಸ್ಟ್ರೇಷನ್, ತರಬೇತಿ, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ಕೆಲಸ ಕೊಡುವ ಮೊದಲೇ ದುಡ್ಡು ಕೇಳಿದರೆ ಅಲ್ಲಿಗೇ ಫೋನ್ ಇಟ್ಟುಬಿಡಿ. ಸುಸ್ತಾಗಿರುವ ದಿನ ಇಂಥ ಕರೆ ಬಂದರೆ ನಂಬಬೇಕು ಅನಿಸುತ್ತದೆ, ಆ ದಿನ ದುಡ್ಡು ಕಟ್ಟುವ ಮೊದಲು ಮನೆಯವರೊಬ್ಬರಿಗೆ ತೋರಿಸಿ.